ಪರಿಸರ ನೀತಿ ಓದಬೇಕು ಅನ್ನುವವರಿಗೆ: ಎಂಎಸ್ಸಿ, ಎಂಎ, ಕಾನೂನು, ಅರ್ಥಶಾಸ್ತ್ರ – ಯಾವ ದಾರಿ ಹಿಡಿಯಬೇಕು?

ಕಪ್ಪತಗುಡ್ಡದಿಂದಲೇ ಶುರು ಮಾಡೋಣ. ಗದಗ ಜಿಲ್ಲೆಯ ಈ ಗುಡ್ಡಸಾಲನ್ನು 2015ರಲ್ಲಿ ರಾಜ್ಯ ಸರ್ಕಾರ ಸಂರಕ್ಷಿತ ಮೀಸಲು ಪ್ರದೇಶ ಅಂತ ಘೋಷಿಸಿತು. ಮರುವರ್ಷ ಅದನ್ನು ವಾಪಸ್ ತೆಗೆದುಕೊಂಡಿತು. ಗದಗಿನಲ್ಲಿ ಜನ ಬೀದಿಗಿಳಿದರು, ಮಠದ ಸ್ವಾಮಿಗಳು ಮುಂದೆ ನಿಂತರು. 2017ರಲ್ಲಿ ಮತ್ತೆ ಘೋಷಣೆ ಬಂತು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಅಷ್ಟೂ ವರ್ಷ ಗುಡ್ಡ ಅದೇ ಇತ್ತು. ಅಲ್ಲಿನ ಔಷಧಿ ಗಿಡಗಳೂ ಅವೇ, ನೆಲದಡಿಯ ಅದಿರೂ ಅದೇ. ಬದಲಾಗುತ್ತಾ ಹೋದದ್ದು ಸರ್ಕಾರದ ಕಾಗದ. ಆ ಕಾಗದವನ್ನು ಯಾರು ಬರೆಯುತ್ತಾರೆ, ಯಾರ ಮಾತು ಅದರೊಳಗೆ ಸೇರುತ್ತದೆ, ಯಾರ ಮಾತು ಹೊರಗೆ ಉಳಿಯುತ್ತದೆ? ಪರಿಸರ ನೀತಿ ಅಂತ ಓದುವುದು ಇದನ್ನೇ.

ಧಾರವಾಡದಲ್ಲಿ ಡಿಗ್ರಿ ಕೊನೆಯ ವರ್ಷದಲ್ಲಿರುವ ಮಕ್ಕಳು ಈ ಓದಿನ ಬಗ್ಗೆ ಈಗ ಜಾಸ್ತಿ ಕೇಳುತ್ತಾರೆ. ಆದರೆ ‘ಪರಿಸರ ನೀತಿ’ ಅಂತಲೇ ಹೆಸರಿರುವ ಕೋರ್ಸು ನಮ್ಮ ದೇಶದಲ್ಲಿ ಕಡಿಮೆ. ಅದು ಬೇರೆ ಬೇರೆ ಹೆಸರಿನ ಕೋರ್ಸುಗಳ ಒಳಗಿದೆ. ಪರಿಸರ ವಿಜ್ಞಾನ, ಅಭಿವೃದ್ಧಿ ಅಧ್ಯಯನ, ಸಾರ್ವಜನಿಕ ನೀತಿ, ಕಾನೂನು, ಕೃಷಿ ಅರ್ಥಶಾಸ್ತ್ರ – ಎಲ್ಲದರಲ್ಲೂ ಒಂದೊಂದು ತುಂಡು ಸಿಗುತ್ತದೆ. ಹಾಗಾಗಿ ಹೆಸರು ನೋಡಿ ಆರಿಸಬೇಡಿ. ಕಪ್ಪತಗುಡ್ಡದಂಥ ಒಂದು ತಕರಾರಿನಲ್ಲಿ ನಿಮ್ಮ ಕೆಲಸ ಯಾವುದಾಗಿರಬೇಕು ಅಂತ ಮೊದಲು ಕೇಳಿಕೊಳ್ಳಿ. ಗುಡ್ಡದಲ್ಲಿ ಏನೇನಿದೆ ಅಂತ ಅಳೆದು ವರದಿ ಬರೆಯುವವರು ಒಬ್ಬರು. ಗಣಿ ಬಂದರೆ ಯಾರಿಗೆ ಲಾಭ, ಯಾರಿಗೆ ನಷ್ಟ ಅಂತ ಲೆಕ್ಕ ಹಾಕುವವರು ಇನ್ನೊಬ್ಬರು. ಆದೇಶವನ್ನು ಕೋರ್ಟಿನಲ್ಲಿ ಪ್ರಶ್ನಿಸುವವರು ಮತ್ತೊಬ್ಬರು. ಊರಿನವರು, ಇಲಾಖೆಯವರು, ಕಂಪನಿಯವರು ಎಲ್ಲರ ಜೊತೆ ಕೂತು ನಿಯಮ ರೂಪಿಸುವವರು ಬೇರೆಯೇ. ಈ ಎಲ್ಲರೂ ಬೇಕು. ಆದರೆ ಇವರು ಓದಿ ಬಂದ ದಾರಿ ಒಂದೇ ಅಲ್ಲ.

ನಿಮಗೆ ಯಾವುದು ಹೊಂದುತ್ತದೆ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣಕ್ಕೆ ಹೋಗಿ. ನಮ್ಮ ಕಡೆಯ ಯಾವುದಾದರೂ ಗಣಿ ಅಥವಾ ಕಾರ್ಖಾನೆಯ ಪರಿಸರ ಪರಿಣಾಮ ವರದಿಯನ್ನು ಇಳಿಸಿಕೊಳ್ಳಿ. ಒಂದು ಭಾನುವಾರ ಕೂತು ಓದಿ. ನೀರಿನ ಮಾದರಿ, ಗಾಳಿಯ ಧೂಳು, ಪಕ್ಷಿಗಳ ಪಟ್ಟಿ ಇರುವ ಪುಟಗಳಲ್ಲಿ ಕಣ್ಣು ನಿಂತರೆ ನಿಮ್ಮದು ವಿಜ್ಞಾನದ ದಾರಿ. ಯೋಜನೆಯ ಬಗ್ಗೆ ಊರವರ ಮಾತು ಕೇಳಲು ಕರೆಯುವ ಸಾರ್ವಜನಿಕ ಅಹವಾಲು ಸಭೆಯ ನಡಾವಳಿ ಓದುವಾಗ ಮನಸ್ಸು ಅಲ್ಲೇ ಕೂತರೆ ನೀತಿಯ ದಾರಿ. ಅನುಮತಿ ಪತ್ರದ ಷರತ್ತುಗಳನ್ನು ಓದಿ, ‘ಇದನ್ನು ಪಾಲಿಸದಿದ್ದರೆ ಏನಾಗುತ್ತದೆ?’ ಅಂತ ಸಿಟ್ಟು ಬಂದರೆ ಕಾನೂನು. ಪೂರ್ತಿ ವರದಿಯೇ ಬೇಸರ ತಂದರೆ ಈ ಓದಿಗೆ ಇಳಿಯುವ ಮೊದಲು ಇನ್ನೊಮ್ಮೆ ಯೋಚಿಸಿ. ಏಕೆಂದರೆ ಯಾವ ದಾರಿ ಹಿಡಿದರೂ ಇಂಥ ಕಾಗದಗಳೇ ನಿಮ್ಮ ದಿನದ ಕೆಲಸ.

ಪರಿಸರ ವಿಜ್ಞಾನದ ಎಂಎಸ್ಸಿ

ಬಿಎಸ್ಸಿ ಮುಗಿಸಿದವರಿಗೆ ಇದು ಎಲ್ಲಕ್ಕಿಂತ ಪರಿಚಿತ ದಾರಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಮೈಸೂರು ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಈ ವಿಷಯದ ಎಂಎಸ್ಸಿ ಇದೆ. ಹಾವೇರಿ, ರಾಣೆಬೆನ್ನೂರಿನವರಿಗೆ ಶಂಕರಘಟ್ಟ ದೂರವೇನಲ್ಲ. ಸರ್ಕಾರಿ ವಿಶ್ವವಿದ್ಯಾಲಯವಾದ್ದರಿಂದ ಖರ್ಚೂ ಹಿಡಿತದಲ್ಲಿರುತ್ತದೆ.

ಇಲ್ಲಿ ಕಲಿಯುವುದು ಅಳತೆ. ನೀರಿನ ಗುಣ ಪರೀಕ್ಷೆ, ಮಣ್ಣು, ತ್ಯಾಜ್ಯ, ಜೀವವೈವಿಧ್ಯದ ಸಮೀಕ್ಷೆ, ಉಪಗ್ರಹ ನಕ್ಷೆ. ಶಿರಹಟ್ಟಿ ಕಡೆಯ ಮಾಗಡಿ ಕೆರೆಯನ್ನೇ ನೋಡಿ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಕ್ಕಿ ಎಷ್ಟು ಬಂದವು, ಕೆರೆಯ ನೀರು ಹೇಗಿದೆ ಅಂತ ವರ್ಷಗಟ್ಟಲೆ ಲೆಕ್ಕ ಇಟ್ಟವರು ಇಲ್ಲದಿದ್ದರೆ ಅಂಥ ಪಟ್ಟಿಗೆ ಯಾವ ಕೆರೆಯೂ ಸೇರುವುದಿಲ್ಲ.

ಈ ಡಿಗ್ರಿಗೆ ಒಂದು ದೊಡ್ಡ ಅನುಕೂಲ ಇದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕಾಲೇಜು ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆ ಯುಜಿಸಿ-ನೆಟ್. ಅದರ ವಿಷಯಗಳ ಪಟ್ಟಿಯಲ್ಲಿ ‘ಪರಿಸರ ವಿಜ್ಞಾನ’ ಇದೆ, ‘ಪರಿಸರ ನೀತಿ’ ಇಲ್ಲ. ಮುಂದೆ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದವರು, ಅದೇ ಪರೀಕ್ಷೆಯಿಂದ ಸಿಗುವ ಸಂಶೋಧನಾ ವೇತನ ಜೆಆರ್‌ಎಫ್ ತೆಗೆದುಕೊಂಡು ಸಂಶೋಧನೆಗೆ ಹೋಗುವವರು ಇದನ್ನು ಮರೆಯಬಾರದು. ಜೆಆರ್‌ಎಫ್ ಅಂದರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಸಾಧಾರಣ ಮನೆಯಿಂದ ಬಂದವರಿಗೆ ಅದು ಸಣ್ಣ ಮಾತಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ತಾಂತ್ರಿಕ ಹುದ್ದೆಗಳಿಗೂ ಎಂಜಿನಿಯರಿಂಗ್ ಅಥವಾ ವಿಜ್ಞಾನದ ಪದವಿಯನ್ನೇ ಕೇಳುತ್ತಾರೆ.

ಕೊರತೆಯೂ ಇದೆ. ವರದಿ ಬರೆದ ಮೇಲೆ ಆ ವರದಿಗೆ ಏನಾಗುತ್ತದೆ ಅಂತ ಈ ಕೋರ್ಸುಗಳು ಹೆಚ್ಚು ಕಲಿಸುವುದಿಲ್ಲ. ಪಠ್ಯಕ್ರಮದಲ್ಲಿ ಕಾನೂನಿನ ಒಂದು ಪತ್ರಿಕೆ ಇರುತ್ತದೆ. ಅದರಲ್ಲಿ ಕಾಯ್ದೆಗಳ ಹೆಸರು, ವರ್ಷ ಬಾಯಿಪಾಠ ಮಾಡಿಸುತ್ತಾರೆ. 1974ರ ಜಲ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ. ಆ ಕಾಯ್ದೆ ತಾಲ್ಲೂಕು ಕಚೇರಿಯಲ್ಲಿ ಹೇಗೆ ನಡೆಯುತ್ತದೆ, ಹೇಗೆ ನಿಲ್ಲುತ್ತದೆ ಅನ್ನುವುದನ್ನು ನೀವೇ ಹುಡುಕಿಕೊಳ್ಳಬೇಕು.

ಭಾರತೀಯ ಅರಣ್ಯ ಸೇವೆಯ ಕನಸು ಇದ್ದವರಿಗೆ ಒಂದು ಎಚ್ಚರಿಕೆ. ಆ ಪರೀಕ್ಷೆಗೆ ನೋಡುವುದು ನಿಮ್ಮ ಡಿಗ್ರಿಯನ್ನು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತದಂಥ ವಿಷಯ ಡಿಗ್ರಿಯಲ್ಲಿ ಓದಿರಬೇಕು. ಇಲ್ಲವೇ ಕೃಷಿ, ಅರಣ್ಯಶಾಸ್ತ್ರ, ಎಂಜಿನಿಯರಿಂಗ್ ಆಗಿರಬೇಕು. ಬಿಎ ಮಾಡಿದವರು ಆಮೇಲೆ ಪರಿಸರದಲ್ಲಿ ಎಂಎ ಮಾಡಿದರೂ ಆ ಬಾಗಿಲು ತೆರೆಯುವುದಿಲ್ಲ.

ನೀತಿ ಮತ್ತು ಅಭಿವೃದ್ಧಿಯ ಎಂಎ

ಪರಿಸರ ನೀತಿಗೆ ಎಲ್ಲಕ್ಕಿಂತ ಹತ್ತಿರದ ಓದು ಇದು. ಇದಕ್ಕೆ ಊರು ಬಿಡಲೇಬೇಕು. ಬೆಂಗಳೂರಿನಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಎಂಎ ಅಭಿವೃದ್ಧಿ ಅಧ್ಯಯನ. ಅಲ್ಲೇ ರಾಷ್ಟ್ರೀಯ ಕಾನೂನು ಶಾಲೆಯ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ, 2014ರಿಂದ ನಡೆಯುತ್ತಿದೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಹವಾಮಾನ ಬದಲಾವಣೆ ಮತ್ತು ಸುಸ್ಥಿರತೆಯ ಕೋರ್ಸು. ದಿಲ್ಲಿಯಲ್ಲಿ ಟೆರಿ ಸಂಸ್ಥೆಯ ವಿಶ್ವವಿದ್ಯಾಲಯ ಮತ್ತು ಅಂಬೇಡ್ಕರ್ ವಿಶ್ವವಿದ್ಯಾಲಯ.

ಇವೆಲ್ಲ ಒಂದೇ ಥರ ಅಂದುಕೊಳ್ಳಬೇಡಿ. ಟೆರಿಯದು ವಿಜ್ಞಾನ, ಸಂಪನ್ಮೂಲ ನಿರ್ವಹಣೆಯ ಕಡೆ ವಾಲುತ್ತದೆ. ಅಂಕಿ-ಅಂಶಕ್ಕೆ ಹೆದರದವರಿಗೆ ಅದು ಸರಿ. ಅಂಬೇಡ್ಕರ್ ವಿಶ್ವವಿದ್ಯಾಲಯದ ‘ಪರಿಸರ ಮತ್ತು ಅಭಿವೃದ್ಧಿ’ ಎಂಎ ಸಮಾಜಶಾಸ್ತ್ರ, ಇತಿಹಾಸದ ಕಡೆಯಿಂದ ಬರುತ್ತದೆ. ಕಾನೂನು ಶಾಲೆಯದ್ದು ಸರ್ಕಾರದ ಕೆಲಸ ಹೇಗೆ ನಡೆಯುತ್ತದೆ ಅನ್ನುವುದರ ಮೇಲೆ ಗಟ್ಟಿ, ಪರಿಸರ ಅಲ್ಲಿ ಒಂದು ಭಾಗ ಮಾತ್ರ. ಅಜೀಂ ಪ್ರೇಮ್‌ಜಿಯಲ್ಲಿ ಹಳ್ಳಿಗೆ ಹೋಗಿ ಮಾಡುವ ಕೆಲಸಕ್ಕೆ ಬೆಲೆ ಜಾಸ್ತಿ. ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವೂ ಕೊಡುತ್ತಾರೆ. ನಮ್ಮ ಭಾಗದ ಸರ್ಕಾರಿ ಕಾಲೇಜಿನಿಂದ ಬರುವ, ಹೊಲ-ಮನೆ ಬಲ್ಲ ವಿದ್ಯಾರ್ಥಿಗೆ ನಾನು ಮೊದಲು ಹೇಳುವ ಹೆಸರು ಅದೇ. ಕರ್ನಾಟಕದಲ್ಲೇ ಇರುವುದರಿಂದ ಕ್ಷೇತ್ರಕಾರ್ಯಕ್ಕೆ ನಿಮ್ಮದೇ ತಾಲ್ಲೂಕನ್ನು ಆರಿಸಿಕೊಳ್ಳುವುದೂ ಸುಲಭ.

ಈ ಕೋರ್ಸುಗಳಲ್ಲಿ ನಿಜಕ್ಕೂ ಏನು ಕಲಿಯುತ್ತೀರಿ? ಮತ್ತೆ ಕಪ್ಪತಗುಡ್ಡಕ್ಕೇ ಬನ್ನಿ. ವನ್ಯಜೀವಿ ಕಾಯ್ದೆಯ ಪ್ರಕಾರ ಸಂರಕ್ಷಿತ ಮೀಸಲು ಅಂತ ಘೋಷಿಸುವ ಮೊದಲು ಸ್ಥಳೀಯ ಜನರ ಜೊತೆ ಸಮಾಲೋಚನೆ ಮಾಡಬೇಕು. ಯಾರು ಸ್ಥಳೀಯ ಜನ? ಕುರಿ ಮೇಯಿಸುವವರಾ, ಸೌದೆ ತರುವ ಹೆಣ್ಣುಮಕ್ಕಳಾ, ಪಟ್ಟಣದ ಸಂಘ-ಸಂಸ್ಥೆಗಳಾ? ಸಭೆ ಎಲ್ಲಿ ಕರೆಯಬೇಕು, ಯಾವ ಹೊತ್ತಿಗೆ ಕರೆದರೆ ಕೂಲಿ ಬಿಟ್ಟು ಬರದೆ ಮಾತಾಡಬಹುದು? ಧಾಮವಾದ ಮೇಲೆ ಗಣಿ ನಿಲ್ಲುತ್ತದೆ, ಸರಿ. ಅದರ ಜೊತೆಗೆ ಮೇವಿಗೂ ತಡೆ ಬಂದರೆ? ಇಂಥ ಪ್ರಶ್ನೆಗಳನ್ನು ಕ್ರಮವಾಗಿ ಕೇಳುವುದನ್ನು, ಉತ್ತರವನ್ನು ಅಧಿಕಾರಿ ಓದುವಂತೆ ಬರೆಯುವುದನ್ನು ಒಳ್ಳೆಯ ನೀತಿಯ ಕೋರ್ಸು ಕಲಿಸುತ್ತದೆ. ಇದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ಪರಿಸರ ಉಳಿಸುವ ನಿಯಮವೇ ಬಡವರ ಮೇಲೆ ಬೀಳುವ ಸಂದರ್ಭಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದನ್ನು ಕಾಣುವ ಕಣ್ಣು ಬರೀ ವಿಜ್ಞಾನ ಓದಿದರೆ ಬರುವುದಿಲ್ಲ.

ಆದರೆ ಈ ಎಂಎಗೆ ಒಂದು ಬಲಹೀನತೆ ಇದೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿತು, ಯಾವುದರಲ್ಲೂ ಕೈ ಪಳಗದೆ ಹೊರಬರುವ ಅಪಾಯ. ಬಿಎಸ್ಸಿ, ಬಿಇ, ಬಿಎಸ್ಸಿ ಕೃಷಿ ಮಾಡಿ ಇಲ್ಲಿಗೆ ಬಂದವರಿಗೆ ಆ ಭಯ ಕಡಿಮೆ. ಅವರ ಕೈಯಲ್ಲಿ ಈಗಾಗಲೇ ಒಂದು ವಿದ್ಯೆ ಇರುತ್ತದೆ. ಬಿಎ ಮಾಡಿ ಬರುವವರು ಎರಡು ವರ್ಷದಲ್ಲಿ ಒಂದು ಗಟ್ಟಿ ಕೌಶಲ ಹಿಡಿಯಲೇಬೇಕು: ಸಂಖ್ಯಾಶಾಸ್ತ್ರವೋ, ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್ಸೋ, ಬಜೆಟ್ ಓದುವುದೋ. ಕೋರ್ಸಿನಲ್ಲಿ ಐಚ್ಛಿಕ ಅಂತ ಇದ್ದರೂ ನೀವು ಕಡ್ಡಾಯ ಅಂತಲೇ ತಿಳಿಯಿರಿ.

ಕಾನೂನಿನ ದಾರಿ

ನಮ್ಮ ಭಾಗದವರು ಈ ದಾರಿಯನ್ನು ಯಾಕೆ ಹೆಚ್ಚು ಯೋಚಿಸುವುದಿಲ್ಲವೋ ಗೊತ್ತಿಲ್ಲ. ಈ ನೆಲದ ಪರಿಸರ ಚರಿತ್ರೆ ನೋಡಿದರೆ ಇದೇ ಮೊದಲು ನೆನಪಾಗಬೇಕು.

1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಸುಮಾರು 30,000 ಹೆಕ್ಟೇರ್ ಊರವರು ಮೇವು-ಸೌದೆಗೆ ಬಳಸುತ್ತಿದ್ದ ಸಿ ಮತ್ತು ಡಿ ದರ್ಜೆಯ ಸರ್ಕಾರಿ ಜಮೀನನ್ನು ಕಾರ್ಖಾನೆಗೆ ಬೇಕಾದ ಮರ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಡುವ ಯೋಜನೆಯ ವಿರುದ್ಧ ಅದು. ಜನ ನೀಲಗಿರಿ ಸಸಿ ಕಿತ್ತರು, ತಮಗೆ ಬೇಕಾದ ಹಣ್ಣಿನ, ಮೇವಿನ ಗಿಡ ಹಚ್ಚಿದರು. ಬೀದಿಯಲ್ಲಿ ಅಷ್ಟು ನಡೆಯುತ್ತಿದ್ದಾಗಲೇ ತಕರಾರು ಸುಪ್ರೀಂ ಕೋರ್ಟಿನಲ್ಲೂ ಇತ್ತು. 1991ರಲ್ಲಿ ಆ ಕಂಪನಿ ಮುಚ್ಚಿತು. ಆ ಹೋರಾಟದಲ್ಲಿದ್ದ ಧಾರವಾಡದ ಸಮಾಜ ಪರಿವರ್ತನ ಸಮುದಾಯವೇ 2009ರಲ್ಲಿ ಬಳ್ಳಾರಿಯ ಅಕ್ರಮ ಗಣಿಗಾರಿಕೆ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 2013ರ ಏಪ್ರಿಲ್ ತೀರ್ಪು ಬಂದದ್ದು ಅದೇ ಅರ್ಜಿಯಲ್ಲಿ. ಗಣಿಗಳನ್ನು ಅಕ್ರಮದ ಪ್ರಮಾಣ ನೋಡಿ ಎ, ಬಿ, ಸಿ ಅಂತ ವಿಂಗಡಿಸಿ, ಅತಿ ಹೆಚ್ಚು ಅಕ್ರಮ ಇದ್ದ ಸಿ ವರ್ಗದವುಗಳ ಗುತ್ತಿಗೆ ರದ್ದು ಮಾಡಿದ ತೀರ್ಪು ಅದು. ಧಾರವಾಡದಿಂದ ಹೋದ ಒಂದು ಅರ್ಜಿ ರಾಜ್ಯದ ಗಣಿ ನೀತಿಯನ್ನೇ ಬದಲಿಸಿತು.

ಓದಲು ಹತ್ತಿರವೇ ಇದೆ. ಹುಬ್ಬಳ್ಳಿ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ, ಎಲ್‌ಎಲ್‌ಎಂ ಕೂಡ ಇದೆ. ಡಿಗ್ರಿ ಆದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು. ಮನೆಯಿಂದಲೇ ಓಡಾಡಬಹುದು. ಜೊತೆಗೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ದೂರದಿಂದಲೇ ಓದಬಹುದಾದ ಪರಿಸರ ಕಾನೂನಿನ ಡಿಪ್ಲೊಮಾ ಕೊಡುತ್ತದೆ. ಎಲ್‌ಎಲ್‌ಬಿ ಜೊತೆ ಅದೊಂದು ಸೇರಿದರೆ ದಿಲ್ಲಿಯ ದುಬಾರಿ ಕೋರ್ಸಿಗೆ ಕಡಿಮೆಯೇನಿಲ್ಲ ಅಂತ ನನ್ನ ಅಭಿಪ್ರಾಯ. ಧಾರವಾಡದಲ್ಲಿ ಹೈಕೋರ್ಟ್ ಪೀಠ ಇದೆ. ಪರಿಸರದ ವ್ಯಾಜ್ಯಗಳನ್ನೇ ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ನಮ್ಮ ಪೀಠ ಚೆನ್ನೈಯಲ್ಲಿದೆ. ಈ ಜಿಲ್ಲೆಗಳಿಂದ ಅಲ್ಲಿಗೆ ಕಡತ ಸಿದ್ಧ ಮಾಡಿ ಕಳಿಸಬಲ್ಲ ವಕೀಲರು ಇನ್ನೂ ಜಾಸ್ತಿ ಬೇಕು.

ಕಷ್ಟವೆಂದರೆ ತಡ. ಎಲ್‌ಎಲ್‌ಬಿ ಆದ ಮೇಲೆ ಮೊದಲ ಕೆಲವು ವರ್ಷ ಗಳಿಕೆ ತೀರಾ ಕಡಿಮೆ. ಪರಿಸರದ ಕೇಸುಗಳಿಂದಲೇ ಸಂಸಾರ ನಡೆಯುವುದಿಲ್ಲ, ಜಮೀನು ವ್ಯಾಜ್ಯವನ್ನೂ ಹಿಡಿಯಬೇಕಾಗುತ್ತದೆ. ಮನೆಗೆ ಕೂಡಲೇ ದುಡ್ಡು ಬೇಕಾದವರಿಗೆ ಇದು ಕಷ್ಟದ ದಾರಿ.

ಊರಲ್ಲೇ ಇದ್ದು ಅರ್ಥಶಾಸ್ತ್ರ

ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ, ಭೂಗೋಳದ ಸ್ನಾತಕೋತ್ತರ ವಿಭಾಗಗಳಿವೆ. ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಅರ್ಥಶಾಸ್ತ್ರದ ಎಂಎಸ್ಸಿ, ಪಿಎಚ್‌ಡಿ ಇವೆ. ಬಿಎಸ್ಸಿ ಕೃಷಿ ಮಾಡಿದವರಿಗೆ ಅದು ನೇರ ದಾರಿ. ನೀರಿನ ವಿಷಯಕ್ಕೆ ಧಾರವಾಡದಲ್ಲೇ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ ‘ವಾಲ್ಮಿ’ ಇದೆ. ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ನೆರವಿರುವ ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನಾ ಕೇಂದ್ರವೂ ಇಲ್ಲೇ ಇದೆ. ಇಷ್ಟು ಸಂಸ್ಥೆಗಳು ಒಂದೇ ಊರಿನಲ್ಲಿರುವುದು ಅಪರೂಪ.

ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಬಗ್ಗೆ ಕರ್ನಾಟಕ-ಗೋವಾ ನಡುವಿನ ತಕರಾರಿನಲ್ಲಿ ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತರು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ತೀರ್ಪು ಕೊಟ್ಟಿತು. ಆ ಮೇಲೂ ಅರಣ್ಯ, ವನ್ಯಜೀವಿ ಅನುಮತಿಗಳ ಹತ್ತಿರ ಯೋಜನೆ ನಿಂತಿತು. ಮಲಪ್ರಭೆಯ ಅಚ್ಚುಕಟ್ಟಿನಲ್ಲಿ ಈಗಿರುವ ನೀರು ಯಾವ ಬೆಳೆಗೆ ಹೋಗುತ್ತಿದೆ, ಕಾಲುವೆಯ ಕೊನೆಯವರಿಗೆ ಎಷ್ಟು ಮುಟ್ಟುತ್ತಿದೆ ಅನ್ನುವ ಲೆಕ್ಕವನ್ನು ಗಟ್ಟಿಯಾಗಿ ಹೇಳಬಲ್ಲವರ ಮಾತಿಗೆ ಎರಡೂ ಕಡೆಯವರು ಕಿವಿಗೊಡಬೇಕಾಗುತ್ತದೆ. ಆ ಲೆಕ್ಕ ಕಲಿಯಲು ದಿಲ್ಲಿಗೆ ಹೋಗಬೇಕಿಲ್ಲ.

ಊರಲ್ಲೇ ಓದುವವರ ತೊಂದರೆ ಬೇರೆ. ಪಠ್ಯಕ್ರಮದಲ್ಲಿ ಪರಿಸರ ಸಣ್ಣ ಮೂಲೆಯಲ್ಲಿರುತ್ತದೆ. ಯಾವ ಪ್ರಾಧ್ಯಾಪಕರು ಈ ವಿಷಯದಲ್ಲಿ ಕೆಲಸ ಮಾಡುತ್ತಿದ್ದಾರೆ ಅಂತ ಪ್ರವೇಶಕ್ಕೆ ಮೊದಲೇ ವಿಚಾರಿಸಿ. ಹೋಗಿ ಭೇಟಿಯಾಗಿ. ಯಾರೂ ಇಲ್ಲ ಅಂದರೆ ಆ ವಿಭಾಗ ಎಷ್ಟು ಹೆಸರುವಾಸಿಯಾದರೂ ನಿಮಗೆ ಉಪಯೋಗವಿಲ್ಲ.

ಗದಗಿನವರು ನಾಗಾವಿಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವನ್ನೂ ಹೋಗಿ ನೋಡಬೇಕು. ಪಂಚಾಯ್ತಿ ಮಟ್ಟದಲ್ಲಿ ನೀರು, ಕಸ, ಗೋಮಾಳದ ಮೇಲೆ ಕೆಲಸ ಮಾಡುವ ಮನಸ್ಸಿದ್ದವರಿಗೆ ಅದು ಹತ್ತಿರದ ಜಾಗ.

ವಿದೇಶ

ಆಸೆ ಪಡುವುದು ತಪ್ಪಲ್ಲ. ಆದರೆ ಡಿಗ್ರಿ ಮುಗಿದ ಕೂಡಲೇ ಹೋಗಬೇಡಿ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಕಾರಣ ದುಡ್ಡು. ಒಳ್ಳೆಯ ವಿದ್ಯಾರ್ಥಿವೇತನಗಳು ಕೆಲಸದ ಅನುಭವ ಕೇಳುತ್ತವೆ. ಬ್ರಿಟನ್ನಿನ ಚೀವ್ನಿಂಗ್‌ಗೆ ಎರಡು ವರ್ಷ ಬೇಕು, ಓದಿದ ಮೇಲೆ ಎರಡು ವರ್ಷ ದೇಶಕ್ಕೆ ವಾಪಸ್ ಬಂದಿರಬೇಕು. ಜರ್ಮನಿಯ ಡಾಡ್ ಸಂಸ್ಥೆ ಅಭಿವೃದ್ಧಿ ಸಂಬಂಧದ ಕೋರ್ಸುಗಳಿಗೆ ಕೊಡುವ ವೇತನಕ್ಕೂ ಎರಡು ವರ್ಷ. ಅಮೆರಿಕದ ಫುಲ್‌ಬ್ರೈಟ್-ನೆಹರೂಗೆ ಮೂರು ವರ್ಷ.

ಅನುಭವ ಇಲ್ಲದವರೂ ಹಾಕಬಹುದಾದದ್ದು ಯುರೋಪಿನ ಎರಾಸ್ಮಸ್ ಮುಂಡಸ್. ಅದರಲ್ಲಿ ‘ಮೆಸ್ಪಾಮ್’ ಅನ್ನುವ ಕೋರ್ಸು ಪರಿಸರ ವಿಜ್ಞಾನ, ನೀತಿ, ನಿರ್ವಹಣೆ ಮೂರನ್ನೂ ಸೇರಿಸಿ ಕಲಿಸುತ್ತದೆ. ಪೈಪೋಟಿ ಜೋರು.

ಜರ್ಮನಿಯಲ್ಲಿ ಶುಲ್ಕವೇ ಇಲ್ಲ ಅಂತ ಕೇಳಿರುತ್ತೀರಿ. ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಅದು ನಿಜ. ಆದರೆ ಪರಿಸರ ಆಡಳಿತದ ಒಳ್ಳೆಯ ಕೋರ್ಸಿರುವ ಫ್ರೈಬುರ್ಗ್ ಇರುವ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ವೀಸಾಕ್ಕೆ ವರ್ಷದ ಖರ್ಚು 11,904 ಯೂರೋ ಮೊದಲೇ ಖಾತೆಯಲ್ಲಿ ತೋರಿಸಬೇಕು. ಅಂದರೆ ಹತ್ತು ಲಕ್ಷ ರೂಪಾಯಿಗೂ ಜಾಸ್ತಿ. ಇನ್ನು ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಡಿಗ್ರಿ ಕೇಳುತ್ತವೆ. ನಮ್ಮ ರಾಜ್ಯ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದಿರುವುದರಿಂದ, ಅಲ್ಲಿಗೆ ಹೋಗುವವರು ಇಲ್ಲಿ ಒಂದು ಎಂಎ ಅಥವಾ ಎಂಎಸ್ಸಿ ಮುಗಿಸಿ ಹೋಗುವುದೇ ಸರಿ.

ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ವಿದೇಶದ ಓದಿಗೆ ನೆರವು ಕೊಡುವ ರಾಜ್ಯದ ಪ್ರಬುದ್ಧ ಯೋಜನೆ ನೋಡಲೇಬೇಕು. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿಯವರ ಜೊತೆ ಭೂಮಿಯಿಲ್ಲದ ಕೃಷಿ ಕೂಲಿಕಾರರ ಮಕ್ಕಳಿಗೂ ಇದೆ. ಇದು ನಮ್ಮ ಹಳ್ಳಿಗಳಲ್ಲಿ ಬಹಳ ಜನರಿಗೆ ಗೊತ್ತೇ ಇಲ್ಲ.

ಮನೆಯವರ ಪ್ರಶ್ನೆ

“ಇದನ್ನ ಓದಿದ್ರ ಮುಂದ ನೌಕರಿ ಎಲ್ಲೈತಿ?” ಅಪ್ಪ ಕೇಳುತ್ತಾರೆ. ಪಕ್ಕದಲ್ಲೇ ಕಾಕಾ, “ಸುಮ್ನ ಕೆಎಎಸ್‌ಗೆ ಓದು” ಅನ್ನುತ್ತಾರೆ. ಈ ಪ್ರಶ್ನೆಗೆ ಗೌರವದಿಂದ ಉತ್ತರ ಕೊಡಬೇಕು, ಅಲ್ವಾ? ಕೆಲಸ ಇದೆ. ಸ್ವಯಂಸೇವಾ ಸಂಸ್ಥೆಗಳಲ್ಲಿ, ಸಂಶೋಧನಾ ಸಂಸ್ಥೆಗಳಲ್ಲಿ, ಪರಿಸರ ಸಲಹಾ ಕಂಪನಿಗಳಲ್ಲಿ. 2022-23ರಿಂದ ಷೇರುಪೇಟೆಯ ಮೊದಲ 1,000 ಕಂಪನಿಗಳು ಸುಸ್ಥಿರತೆಯ ವರದಿ ಕೊಡುವುದನ್ನು ಷೇರುಪೇಟೆ ನಿಯಂತ್ರಿಸುವ ಸೆಬಿ ಕಡ್ಡಾಯ ಮಾಡಿದೆ, ಅಲ್ಲೂ ಜನ ಬೇಕು. ಆದರೆ ಹೆಚ್ಚಿನ ಕೆಲಸ ಬೆಂಗಳೂರಿನಲ್ಲಿದೆ. ಬಹಳಷ್ಟು ಒಂದೆರಡು ವರ್ಷದ ಒಪ್ಪಂದದವು. ಇದನ್ನು ಮುಚ್ಚಿಡದೆ ಮನೆಯಲ್ಲಿ ಹೇಳಿ. ಸಾಲ ಮಾಡಿ ಓದುವವರು ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ನಿಮ್ಮ ಸಂಸ್ಥೆ ಇದೆಯೇ ಅಂತ ನೋಡಿ. ಅದರಲ್ಲಿ ಅಡಮಾನ ಬೇಡ. ಮನೆಯ ಆದಾಯ ವರ್ಷಕ್ಕೆ ಎಂಟು ಲಕ್ಷದೊಳಗಿದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ. 3 ರಿಯಾಯಿತಿ.

ಇಂಗ್ಲಿಷ್ ಬರುವುದಿಲ್ಲ ಅನ್ನುವ ಭಯದಿಂದ ಈ ಓದನ್ನೇ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಗಣಿಯ ಪರಿಸರ ವರದಿ ನೂರಾರು ಪುಟ ಇಂಗ್ಲಿಷಿನಲ್ಲಿರುತ್ತದೆ, ಜನರ ಕೈಗೆ ಸಿಗುವ ಕನ್ನಡ ಸಾರಾಂಶ ತೀರಾ ಚಿಕ್ಕದು. ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು ಅಂತ 2006ರ ಅಧಿಸೂಚನೆ ಹೇಳುತ್ತದೆ. ಆ 30 ದಿನದಲ್ಲಿ ಇಂಗ್ಲಿಷ್ ವರದಿ ಓದಿ, ಊರವರಿಗೆ ಅವರದೇ ಮಾತಿನಲ್ಲಿ ತಿಳಿಸಿ ಹೇಳಬಲ್ಲವರು ನಮಗೆ ಬೇಕಾಗಿದ್ದಾರೆ. ಓದುವಷ್ಟು ಇಂಗ್ಲಿಷ್ ಎರಡು ವರ್ಷದಲ್ಲಿ ಬರುತ್ತದೆ. ಹಳ್ಳಿಯ ಮಾತು, ಜಮೀನಿನ ಪಹಣಿ, ಪಂಚಾಯ್ತಿಯ ರೀತಿ-ರಿವಾಜು ಕೋರ್ಸಿನಲ್ಲಿ ಬರುವುದಿಲ್ಲ. ಅವು ನಿಮ್ಮ ಹತ್ತಿರ ಈಗಾಗಲೇ ಇವೆ.

ನಾನು ಯಾರಿಗೆ ಏನು ಹೇಳುತ್ತೇನೆ ಅಂತ ನೇರವಾಗಿ ಕೇಳಿದರೆ: ಬಿಎಸ್ಸಿಯವರು ನೀತಿಯ ಎಂಎಗೆ ಹೋಗಿ. ಪಾಠ ಮಾಡುವ ಆಸೆ ಇದ್ದರೆ ಮಾತ್ರ ಎಂಎಸ್ಸಿ. ಬಿಎಯವರು, ಮನೆಯಲ್ಲಿ ಮೂರು ವರ್ಷ ತಡೆದುಕೊಳ್ಳುವ ಶಕ್ತಿ ಇದ್ದರೆ, ಎಲ್‌ಎಲ್‌ಬಿ. ಕೃಷಿ ಪದವೀಧರರು ಧಾರವಾಡ ಬಿಡುವ ಅಗತ್ಯವೇ ಇಲ್ಲ.

ದಿನಾಂಕಗಳ ಬಗ್ಗೆ ಒಂದು ಮಾತು. ಚೀವ್ನಿಂಗ್ ಅರ್ಜಿ ಆಗಸ್ಟಿನಲ್ಲಿ ಶುರು. ಎರಾಸ್ಮಸ್ ಡಿಸೆಂಬರ್-ಜನವರಿಯ ಸುಮಾರಿಗೆ ಮುಗಿಯುತ್ತದೆ. ಕೇಂದ್ರದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಸಿಯುಇಟಿ-ಪಿಜಿಯ ಅರ್ಜಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಪರೀಕ್ಷೆ ಮಾರ್ಚಿನಲ್ಲಿ. ಕಾನೂನು ಶಾಲೆಗೆ ಅದರದೇ ಪ್ರವೇಶ ಪರೀಕ್ಷೆ. ಶಿಫಾರಸು ಪತ್ರ ಬರೆಯಬೇಕಾದ ಸರ್, ಮೇಡಂಗಳಿಗೆ ದೀಪಾವಳಿಗೆ ಮೊದಲೇ ಹೇಳಿ. ಹೋಗುವಾಗ ನಿಮ್ಮ ಪ್ರಾಜೆಕ್ಟ್ ವರದಿಯ ಒಂದು ಪ್ರತಿ, ಯಾಕೆ ಈ ಕೋರ್ಸು ಅಂತ ಬರೆದ ಒಂದು ಪುಟ ತೆಗೆದುಕೊಂಡು ಹೋಗಿ.